ಶಬ್ನಾಳ ಧ್ವನಿಗೊಂದು ಚುಕ್ಕಿಗೆರೆ

ಮೆಲ್ಕಾರ್‌ನಲ್ಲಿ ಸೂರ್ಯ ಹುಟ್ಟುವುದೇ ವಾರಿಜಾಕ್ಷಿ ಲ್ಯಾಪ್‌ಟಾಪ್ ತೆರೆದ ಮೇಲೆ. ನಂಬದವರು ನಸುಕಿಗೇ ಬಂದು ನೋಡಬಹುದು. ಬೇಕರಿಯ ಮೇಲಿನ ಕೋಣೆಯಲ್ಲಿ ಕೂತು ಅವರು ಒಂದು ಕೀಲಿ ಒತ್ತುತ್ತಾರೆ, ಪರದೆಯ ತುಂಬ ಬಲೆ ಹರಡಿಕೊಳ್ಳುತ್ತದೆ. ನೇತ್ರಾವತಿಯ ಅಷ್ಟೂ ಮೀನು ಹಿಡಿಯುವಂಥ ಬಲೆ!

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಸ್ಸುಗಳ ಹೊತ್ತು ತಿಳಿಸುವ ಆಪನ್ನು ನೋಡಿಕೊಳ್ಳುವವರು ಇವರೊಬ್ಬರೇ. ಅದರ ನೂರಾರು ಜಾವಾಸ್ಕ್ರಿಪ್ಟ್ ಫೈಲುಗಳನ್ನು ಒಂದೇ ಕಟ್ಟು ಮಾಡುವುದು ಬಂಡ್ಲರ್. ಅದಕ್ಕೆ ಜೋಡಿಸಿದ ಪ್ಲಗಿನ್ ಎಂಬ ಕಿರುತಂತ್ರಾಂಶ, ಯಾವ ಫೈಲು ಯಾವುದನ್ನು ಕರೆಯುತ್ತದೆ ಎಂದು ವೃತ್ತ, ಗೆರೆಗಳ ನಕ್ಷೆ ಬಿಡಿಸಿ ತೋರಿಸುತ್ತದೆ. ಭಾರದ ಫೈಲಿಗೆ ದೊಡ್ಡ ವೃತ್ತ.

ಎಲ್ಲಕ್ಕಿಂತ ದೊಡ್ಡದು ಶಬ್ನಾಳದ್ದು. ಶಬ್ನಾ ಪಕ್ಕದ ಕುರ್ಚಿಯ ಗೆಳತಿ. ಬಸ್ಸಿನ ಹೊತ್ತನ್ನೆಲ್ಲ ಕಂಡಕ್ಟರನ ಧಾಟಿಯಲ್ಲಿ ಹೇಳಿ, ಆ ಧ್ವನಿಯನ್ನು ಒಂದು ಫೈಲಿನೊಳಗೇ ತುಂಬಿಸಿದ್ದಳು. ಮದುವೆಯಾಗಿ ಶಾರ್ಜಾಕ್ಕೆ ಹೋದಳು. ಕುರ್ಚಿಯಲ್ಲೀಗ ಪ್ರಿಂಟರ್ ಕೂತಿದೆ.

ಚಾರ್ಮಾಡಿಯ ನೆಟ್‌ವರ್ಕಿನಲ್ಲಿ ಈ ಆಪ್ ತೆರೆಯುವಷ್ಟರಲ್ಲಿ ಘಾಟಿ ಹತ್ತಿ, ಚಹಾ ಕುಡಿದು, ಇಳಿದೂ ಬರಬಹುದಿತ್ತು. "ಶಬ್ನಾಳದ್ದನ್ನು ತೆಗಿ ಮಾರಾಯ್ತಿ, ಯಾರು ಕೇಳ್ತಾರೆ?" ಎಂದರು ಧಣಿ ಶಿವಕೃಷ್ಣ. ನಕ್ಷೆಯೂ ಅದನ್ನೇ ಹೇಳಿತು: ಆ ವೃತ್ತಕ್ಕೆ ಬರುತ್ತಿದ್ದುದು ಒಂದೇ ಗೆರೆ, ಅಂದರೆ ಅದನ್ನು ಕರೆಯುತ್ತಿದ್ದುದು ಒಂದೇ ಫೈಲು. ವಾರಿಜಾಕ್ಷಿ ಮನಸ್ಸು ಕಲ್ಲು ಮಾಡಿ ಕತ್ತರಿಸಿದರು.

ಮರುದಿನ ಕೊಕ್ಕಡದಿಂದ ಸೇಸಮ್ಮನ ಫೋನು. ಅಕ್ಷರ ಬಾರದ ಈ ಅಜ್ಜಿಯ ದನಿ ಫೋನಿಲ್ಲದೆಯೂ ಮೆಲ್ಕಾರಿಗೆ ಮುಟ್ಟೀತು. "ಆ ಹುಡುಗಿಗೆ ಹುಷಾರಿಲ್ವಾ ಮಗಾ? ಇವತ್ತು ಬಸ್ಸಿನ ಹೊತ್ತೇ ಹೇಳ್ಲಿಲ್ಲ!"

"ಫೈಲು ಫೈಲನ್ನು ಕರೆಯುವುದು ಮಾತ್ರ ನಕ್ಷೆಯಲ್ಲಿ ಕಾಣ್ತದೆ. ಸೇಸಮ್ಮನಿಗೆ ಅದರಲ್ಲಿ ಗೆರೆ ಇಲ್ಲ," ಎನ್ನುತ್ತಾರೆ ವಾರಿಜಾಕ್ಷಿ. "ನನಗೂ ಇಲ್ಲ."

ಅಂದೇ ಧ್ವನಿಯನ್ನು ಮರಳಿ ತಂದರು. ಆದರೆ ಬಟನ್ ಒತ್ತಿದರೆ ಮಾತ್ರ ಇಳಿದು ಬರುವ ಹಾಗೆ. ಬೇಕೆಂದಾಗ ಮಾತ್ರ ಕರೆಯುವ ಫೈಲಾದ್ದರಿಂದ ನಕ್ಷೆಯಲ್ಲಿ ಅದಕ್ಕೀಗ ಚುಕ್ಕಿಗೆರೆ. ಆಪ್ ಈಗ ಚಾರ್ಮಾಡಿಯಲ್ಲಿ ಸಿಡಿಲಿಗಿಂತ ಮೊದಲೇ ತೆರೆಯುತ್ತದೆ. ತಿದ್ದಲಿಕ್ಕೆ ಏನೂ ಇಲ್ಲದ ದಿನವೂ ವಾರಿಜಾಕ್ಷಿ ನಕ್ಷೆ ಬಿಡಿಸುತ್ತಾರೆ, ಆ ವೃತ್ತವನ್ನು ಹುಡುಕಿ ನೋಡುತ್ತಾರೆ.

ಮೂಡುಬಿದಿರೆಗೆ ಹೊಸ ಬಸ್ಸೊಂದು ಶುರುವಾಗಿದೆ. ಅದರ ಹೊತ್ತನ್ನು ವಾರಿಜಾಕ್ಷಿಯೇ ತಮ್ಮ ಧ್ವನಿಯಲ್ಲಿ ಹೇಳಿ ಹಾಕಿದ್ದಾರೆ. "ನಿನ್ನ ಬಸ್ಸಿಗೆ ನಾನು ಹತ್ತುವುದಿಲ್ಲ" ಎಂದರಂತೆ ಸೇಸಮ್ಮ. ಹಾಗಾದರೆ ಶಬ್ನಾಳಿಂದಲೇ ಹೇಳಿಸಿ ತರಿಸಬಹುದಲ್ಲ, ಫೋನಿನಲ್ಲಿ ಒಂದು ನಿಮಿಷದ ಕೆಲಸ?

"ಕೇಳಿದರೆ ಅಲ್ಲಿಂದಲೇ ಹೇಳಿ ಕಳಿಸ್ತಾಳೆ," ಎನ್ನುತ್ತಾರೆ ವಾರಿಜಾಕ್ಷಿ. "ಅದಕ್ಕೇ ಕೇಳ್ಲಿಲ್ಲ. ಅವಳು ಬಂದು, ಇಲ್ಲಿ ಕೂತು ಹೇಳಬೇಕು."