ಮಧ್ಯಾಹ್ನದ ಹೂವಿನ ಬೆಲೆಗೆ ಬಂದ ಗುಳಿಗೆ

ಆ ಡಬ್ಬಿ ಬಿಳಿಯದೋ ನೀಲಿಯದೋ, ಈಗ ಆಣೆ ಮಾಡಿ ಹೇಳಲಾರೆ. ನನ್ನ ಆಗಿನ ದಿನಚರಿಯಲ್ಲಿ ಚಿಗವ್ವನ ಊಟ, ಜ್ವರ, ತೂಕ ಎಲ್ಲ ಇವೆ, ಡಬ್ಬಿಯ ಬಣ್ಣವಿಲ್ಲ. ಇನ್ನೂ ಕೆಲವು ವಿವರಗಳು ಹೆಚ್ಚುಕಡಿಮೆಯಾಗಿರಬಹುದು. ನಾನು ಫಾರ್ಮಸಿ ಓದುತ್ತಿದ್ದೆ, ರಜೆಗೆ ಹೂವಿನಹಡಗಲಿಗೆ ಬಂದಿದ್ದೆ ಎನ್ನುವುದಂತೂ ಖಚಿತ. ಚಿಗವ್ವ ನನ್ನ ತಾಯಿಯ ತಂಗಿ, ಮಲ್ಲಿಗೆ ಬೆಳೆಯುವವಳು. ಅವಳ ಗಂಡ ಎಚ್‌ಐವಿಯಿಂದ ತೀರಿಕೊಂಡಿದ್ದರು. ಸೋಂಕು ಅವಳಿಗೂ ಇತ್ತು.

ಅದುವರೆಗೆ ದಾವಣಗೆರೆಯಿಂದ ತರಿಸುತ್ತಿದ್ದ ಹೊರದೇಶದ ಕಂಪನಿಯ ಔಷಧ ತೋಟದ ದುಡಿಮೆಯನ್ನೆಲ್ಲ ತಿನ್ನುತ್ತಿತ್ತು. ಆ ತಿಂಗಳು ವೈದ್ಯರು ನಮ್ಮ ದೇಶದ್ದೇ ಕಂಪನಿಯ ಗುಳಿಗೆ ಬರೆದುಕೊಟ್ಟರು. ಮೂರು ಔಷಧ ಒಂದೇ ಗುಳಿಗೆಯಲ್ಲಿ. ಬೆಲೆ ಮೊದಲಿನದರ ಒಂದು ಚೂರು. ಮನೆಯವರೆಲ್ಲ ಹಿಗ್ಗಿದೆವು. ಚಿಗವ್ವ ಮಾತ್ರ ಡಬ್ಬಿಯನ್ನು ಗೂಡಿನಲ್ಲಿಟ್ಟು ಮುಟ್ಟಲೇ ಇಲ್ಲ. ಹಳೆಯ ಗುಳಿಗೆ ಮೂರು ದಿನಕ್ಕಷ್ಟೇ ಉಳಿದಿದ್ದವು. ನಡುವೆ ನಿಲ್ಲಿಸಿದರೆ ಮುಂದೆ ಯಾವ ಔಷಧವೂ ನಾಟದೇ ಹೋಗಬಹುದೆಂದು ವೈದ್ಯರು ಎಚ್ಚರಿಸಿದ್ದರು.

ಯಾಕೆ ನುಂಗುತ್ತಿಲ್ಲ ಎಂದು ಕೇಳಿದೆ.

"ನಸುಕಿನಾಗ ಬಿಡಿಸಿದ ಮೊಗ್ಗಿಗೆ ಒಂದು ರೇಟು, ಅರಳಿ ಬಾಡಿದ್ದಕ್ಕ ಒಂದು ರೇಟು. ಒಮ್ಮಿಗೇ ಇಷ್ಟು ಇಳದೈತಿ ಅಂದ್ರ ಇದು ಮಧ್ಯಾಹ್ನದ ಹೂವು, ಮಗಳ. ಯಾರೂ ಕೊಳ್ಳಲಾರದ್ದನ್ನ ನನ್ನ ಉಡ್ಯಾಗ ಹಾಕ್ಯಾರ."

ನಗು ಬಂತು, ಭಯವೂ ಆಯಿತು. ಹೂವಿನ ಬೆಲೆ ಇಳಿಯಲು ಇನ್ನೊಂದು ಕಾರಣವಿದೆ: ಎಲ್ಲರ ತೋಟವೂ ಒಟ್ಟಿಗೆ ಹೂ ಬಿಡುವುದು. ಅದು ಔಷಧಕ್ಕೂ ಆಗಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

ಅಂದು ಕಟ್ಟೆಯ ಮೇಲೆ ಕೂತು ಪಾಠ ಮಾಡಿದೆ. ಔಷಧ ಕಂಡುಹಿಡಿದ ಕಂಪನಿಗೆ ಹೊರದೇಶಗಳಲ್ಲಿ ಅದನ್ನು ತಾನೊಂದೇ ಮಾಡುವ ಹಕ್ಕಿದೆ, ಅದೇ ಪೇಟೆಂಟು ಎಂದೆ. ನಮ್ಮ ಕಾನೂನು ಬಹುಕಾಲ ಔಷಧಕ್ಕೆ ಆ ಹಕ್ಕನ್ನು ಕೊಡದೆ ಅದನ್ನು ಮಾಡುವ ವಿಧಾನಕ್ಕಷ್ಟೇ ಕೊಟ್ಟಿತ್ತು; ನಮ್ಮವರು ಬೇರೆ ವಿಧಾನ ಹುಡುಕಿ ಅದೇ ಔಷಧ ಮಾಡಿದರು, ಒಬ್ಬರ ಹಿಂದೆ ಒಬ್ಬರು ಮಾಡಿದಂತೆ ಬೆಲೆ ಇಳಿಯಿತು ಎಂದೆ. ನಾಳೆ ಇಲ್ಲೂ ಯಾರಾದರೂ ಆ ಹಕ್ಕಿನ ಬೇಲಿ ಹಾಕಿದರೆ ಎಂದು ಕೇಳಿದಳು. ಜನರ ಕೈಗೆ ಎಟುಕದ ಬೆಲೆ ಇಟ್ಟರೆ ಸರ್ಕಾರವೇ ಬೇರೆಯವರಿಗೆ ಮಾಡಲು ಅನುಮತಿ ಕೊಡಬಹುದು, ಹಕ್ಕುದಾರರಿಗೆ ಒಂದು ಪಾಲು ಸಲ್ಲುತ್ತದೆ, ಅದಕ್ಕೆ ಕಡ್ಡಾಯ ಲೈಸೆನ್ಸ್ ಎನ್ನುತ್ತಾರೆ ಎಂದೆ. ಸರ್ಕಾರಕ್ಕೂ ಒಮ್ಮೊಮ್ಮೆ ಬುದ್ಧಿ ಇರುತ್ತದೆ ಎಂದು ಒಪ್ಪಿಕೊಂಡಳು.

"ಇಡೀ ಹಡಗಲಿಗೆ ಒಬ್ಬನ ತ್ವಾಟದಾಗಷ್ಟ ಮಲ್ಲಿಗಿ ಇದ್ದಿದ್ರ ಏನಾಗ್ತಿತ್ತು, ಚಿಗವ್ವ?"

"ಏನಾಗ್ತದ, ಸಾವುಕಾರನ ಹೆಂಡ್ತಿ ತಲಿ ಒಂದ ಘಮಘಮ ಅಂತಿತ್ತು."

ನಕ್ಕಳು, ನೀರು ತರಿಸಿಕೊಂಡು ನುಂಗಿದಳು. ನನ್ನ ನೆನಪಿನಲ್ಲಿ ಹೀಗಿದೆ.

ಆರು ತಿಂಗಳಲ್ಲಿ ಅವಳೇ ಹೂವಿನ ಬುಟ್ಟಿ ಹೊತ್ತು ಹರಪನಹಳ್ಳಿ ಬಸ್ಸು ಹತ್ತಿದಳು. ಸಡಿಲವಾಗಿದ್ದ ಬಳೆಗಳು ಮತ್ತೆ ಬಿಗಿಯಾದವು. ಮುಂದೆ ಎಚ್‌ಐವಿ ಚಿಕಿತ್ಸೆಯ ಸರ್ಕಾರಿ ಎ.ಆರ್.ಟಿ. ಕೇಂದ್ರದಲ್ಲಿ ಗುಳಿಗೆ ಪುಕ್ಕಟೆಯಾಗಿಯೇ ಸಿಕ್ಕಿತು. ಇಷ್ಟು ವರ್ಷಗಳ ಮೇಲೆ, ಹೋದ ತಿಂಗಳ ಪರೀಕ್ಷೆಯಲ್ಲೂ ಅವಳ ರಕ್ತದಲ್ಲಿ ವೈರಸ್ಸು ಲೆಕ್ಕಕ್ಕೆ ಸಿಗಲಿಲ್ಲ. ಚಿಗವ್ವ ಗೆದ್ದಿದ್ದಾಳೆ, ದಿನಕ್ಕೊಂದು ಗುಳಿಗೆಯಂತೆ.

ಆ ಪರೀಕ್ಷೆಗೆ ನಾನೂ ಜೊತೆಗೆ ಹೋಗಿದ್ದ ದಿನ, ಕೇಂದ್ರದಲ್ಲಿ ಹೊಸಬಳೊಬ್ಬಳು ಪುಕ್ಕಟೆ ಗುಳಿಗೆಯನ್ನು ಅನುಮಾನದಿಂದ ತಿರುಗಿಸಿ ನೋಡುತ್ತಿದ್ದಳು. ಚಿಗವ್ವ ಪಕ್ಕಕ್ಕೆ ಹೋಗಿ ಕೂತಳು. "ನಾನೂ ಹಿಂಗ ಹೆದರಿದ್ದೆ, ತಂಗಿ. ಕೊಟ್ಟೂರಿನಾಕಿ ಒಬ್ಬಾಕಿ ಇದನ್ನ ನುಂಗಿ ಕೆನ್ನಿ ತುಂಬಿಕೊಂಡಿದ್ಲು. ಆಕೀನ್ನ ನೋಡಿ, ಮನಿಗೆ ಬಂದು, ಯಾರಿಗೂ ಹೇಳದಂಗ ನುಂಗಿದೆ."

ಅವಳ ಕತೆಯಲ್ಲಿ ಕಟ್ಟೆ ಇರಲಿಲ್ಲ, ಪೇಟೆಂಟು ಇರಲಿಲ್ಲ, ನಾನೂ ಇರಲಿಲ್ಲ. ಹೊಸಬಳು ಅಲ್ಲೇ ಗುಳಿಗೆ ನುಂಗಿದಳು. ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದೆ, ಆಮೇಲೆ ಫೋನಿನಲ್ಲೂ ಕೇಳಿದೆ. ನನ್ನ ಈ ಪ್ರಶ್ನೆಗೆ ಚಿಗವ್ವ ಇನ್ನೂ ಉತ್ತರ ಹೇಳಿಲ್ಲ:

"ನಾ ಪಾಠ ಹೇಳೋವಾಗ ನೀ ಆಗಲೇ ಗುಳಿಗಿ ಶುರು ಮಾಡಿದ್ದಿಯೇನ?"