ಯಾರೂ ಒದೆಯದ ಕಾಲು

ಕ್ಯಾಲಿಫೋರ್ನಿಯಾದ ಎವರ್‌ಗ್ರೀನ್‌ನ ಗುಡ್ಡದ ಬುಡದಲ್ಲಿದ್ದ ಹೈಸ್ಕೂಲ್ ಮೈದಾನದ ಪಶ್ಚಿಮದ ಗೆರೆಯ ಮೇಲೆ, ನಡುಗೆರೆಯಿಂದ ಸ್ವಲ್ಪ ದಕ್ಷಿಣಕ್ಕೆ, ನಾನು ನಿಂತಿದ್ದೆ. ೧೯೮೬ರ ಅಕ್ಟೋಬರ್ ತಿಂಗಳ ಒಂದು ಭಾನುವಾರ. ಮಧ್ಯಾಹ್ನ ಮೂರು ದಾಟಿತ್ತು. ಬಿಸಿಲು ನನ್ನ ಬೆನ್ನಿಗಿತ್ತು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನನ್ನ ಕಣ್ಣಿಗೆ ಬಿಸಿಲು ಹೊಡೆದಿರಬೇಕು ಎಂದು ಆಮೇಲೆ ಕೆಲವರು ಹೇಳಿದರು.

ನನ್ನ ಕೈಯಲ್ಲಿ ಬಾವುಟವಿತ್ತು. ಆ ಲೀಗಿನಲ್ಲಿ ಲೈನ್ಸ್‌ಮನ್‌ಗಳ ಕೊರತೆ ಇದ್ದುದರಿಂದ ತಂಡಗಳೇ ತಮ್ಮ ಕಡೆಯ ಒಬ್ಬನನ್ನು ನಿಲ್ಲಿಸುತ್ತಿದ್ದವು. ಚೆಂಡು ಗೆರೆ ದಾಟಿದರೆ ಬಾವುಟ ಎತ್ತಬೇಕು, ಅಷ್ಟೇ. ಫೌಲ್ ಕಂಡರೂ ಎತ್ತುವಂತಿಲ್ಲ, ಅವನು ಒಂದು ಕಡೆಯವನಲ್ಲವೇ. ವಾರವೆಲ್ಲ ಸನ್ನಿವೇಲ್‌ನಲ್ಲಿ ಕಂಪ್ಯೂಟರ್ ಚಿಪ್ ಪರೀಕ್ಷಿಸುವ ಎಂಜಿನಿಯರ್ ಆಗಿದ್ದ ನಾನು ಭಾನುವಾರ ಈ ಕೆಲಸ ಮಾಡುತ್ತಿದ್ದೆ.

ನಮ್ಮ ತಂಡದಲ್ಲಿ ಸಂಬಳಕ್ಕೆ ಆಡುತ್ತಿದ್ದವರು ಕೆಲವರೇ. ಅವರಲ್ಲಿ ಒಬ್ಬ ಜಪಾನಿನವನು. ಮೂವತ್ತರ ಆಸುಪಾಸು, ಬಲಗಡೆಯ ಮುಂಚೂಣಿ ಆಟಗಾರ. ಊರಿನಲ್ಲಿ ಅವನು ಒಂದು ಕಾರ್ಖಾನೆಯ ತಂಡಕ್ಕೆ ಆಡುತ್ತಿದ್ದ. ಬೆಳಿಗ್ಗೆ ಮೇಜಿನ ಮುಂದೆ ಗುಮಾಸ್ತ, ಮಧ್ಯಾಹ್ನದ ಮೇಲೆ ಮೈದಾನ. ಬರೀ ಆಟವನ್ನೇ ನಂಬಿ ಬದುಕಬೇಕೆಂದು ಆ ಮೇಜು ಬಿಟ್ಟು ಜರ್ಮನಿಗೆ ಹೋದ. ಅಲ್ಲಿ ಎರಡನೆಯ ದರ್ಜೆಯ ಕ್ಲಬ್ಬೊಂದರಲ್ಲಿ ಆಡಿ, ಅವರು ಕೈಬಿಟ್ಟ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದ. ಆಗ ಇಲ್ಲಿನ ದೊಡ್ಡ ಲೀಗು ಮುಚ್ಚಿಹೋಗಿತ್ತು. ಉಳಿದದ್ದು ನಮ್ಮಂಥ ಸಣ್ಣ ಕ್ಲಬ್ಬು.

ನಮ್ಮಿಬ್ಬರಿಗೆ ಸ್ನೇಹವಾದದ್ದು ನನ್ನ ಚಿಕ್ಕಪ್ಪನಿಂದ. ಆಸ್ಟಿನ್ ಟೌನ್‌ನ ಚಿಕ್ಕಪ್ಪ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿದ್ದರು. ಆಟದಿಂದಲೇ ಅವರಿಗೆ ನೌಕರಿ ಸಿಕ್ಕಿತ್ತು. ಮಂಡಿ ಹೋದ ಮೇಲೂ ಸ್ಟೋರ್ಸ್ ವಿಭಾಗದಲ್ಲಿ ಕೂತು ನಿವೃತ್ತರಾದರು. ಇದನ್ನು ಹೇಳಿದಾಗ ಅವನು ಜೋರಾಗಿ ನಕ್ಕ.

"ನಿಮ್ಮಲ್ಲೂ ಹಾಗೆಯೇ? ಹೆಡ್ ಮಾಡಿದ್ರೆ ಪ್ರಮೋಷನ್?"

"ಗೋಲ್ ಹೊಡೆದ್ರೆ ಕ್ವಾರ್ಟರ್ಸು," ಎಂದೆ.

ಅವನ ಇಂಗ್ಲಿಷೂ ಚಿಕ್ಕ ಚಿಕ್ಕ ತುಂಡುಗಳದು, ನನ್ನದೂ ಅಷ್ಟೇ. ಮಾತು ಚೆನ್ನಾಗಿ ನಡೆಯುತ್ತಿತ್ತು.

ಈಗ ಆ ಭಾನುವಾರ. ಮೇಲಿಂದ ಬಂದ ಚೆಂಡನ್ನು ಅವನು ನನ್ನ ಮುಂದೆಯೇ ಎದೆಯಲ್ಲಿ ತಡೆದು ಕೆಳಗಿಳಿಸಿದ. ಗೋಲಿನ ಕಡೆ ಓಡಲು ಎಡಗಾಲನ್ನು ನೆಲಕ್ಕೆ ಒತ್ತಿದ. ಎದುರು ತಂಡದ ಡಿಫೆಂಡರ್, ಮಾರ್ಗನ್ ಹಿಲ್‌ನ ತೋಟಗಳಲ್ಲಿ ದುಡಿಯುತ್ತಿದ್ದ ಇಪ್ಪತ್ತರ ತರುಣ, ಅವನ ಹಿಂದಿನಿಂದ ಬರುತ್ತಿದ್ದ. ಬರುತ್ತಿದ್ದ, ಇನ್ನೂ ಬಂದಿರಲಿಲ್ಲ. ಇಬ್ಬರ ಕಾಲುಗಳ ನಡುವೆ ನನಗೆ ಹುಲ್ಲು ಕಾಣಿಸುತ್ತಿತ್ತು. ಆಗ ಒಣಕಟ್ಟಿಗೆ ಮುರಿದಂತೆ ಒಂದು ಸದ್ದಾಯಿತು. ಜಪಾನಿನವನು ಕುಸಿದ. ಬೀಳುತ್ತಲೇ ಹಿಂದಕ್ಕೆ ತಿರುಗಿ, ಆ ಹೊತ್ತಿಗೆ ಹತ್ತಿರ ಬಂದಿದ್ದ ಡಿಫೆಂಡರನ ಅಂಗಿ ಹಿಡಿದು ತನ್ನ ಭಾಷೆಯಲ್ಲಿ ಕೂಗಿದ. ರೆಫರಿ ಆಚೆ ಕಡೆ ಇದ್ದರು. ಅವರು ಕಂಡದ್ದು ಅಂಗಿ ಹಿಡಿದದ್ದನ್ನು ಮಾತ್ರ. ನಾನು ಬಾವುಟ ಎತ್ತಲಿಲ್ಲ. ಚೆಂಡು ಇನ್ನೂ ಗೆರೆಯ ಒಳಗೇ ಇತ್ತು.

ಎಡ ಹಿಮ್ಮಡಿಯ ಮೇಲಿನ ದಪ್ಪ ನರ, ಡಾಕ್ಟರರ ಮಾತಿನಲ್ಲಿ ಟೆಂಡನ್, ಪೂರ್ತಿ ಹರಿದಿತ್ತು. ಡಿಫೆಂಡರ್ ಒದ್ದನೆಂದು ನಮ್ಮ ಕ್ಲಬ್ಬು ಲೀಗಿಗೆ ದೂರು ಕೊಟ್ಟಿತು. ಎದುರಾಳಿ ಒದ್ದು ಕಾಲು ಹೋಗಿದ್ದರೆ ಆಪರೇಷನ್ನು ಲೀಗಿನ ವಿಮೆಯ ಮೇಲೆ, ಒಪ್ಪಂದವೂ ಮುಂದಿನ ಸೀಸನ್‌ವರೆಗೆ ಉಳಿಯುತ್ತದೆ. ತಾನಾಗಿ ಹರಿದಿದ್ದರೆ, ಹಳೆಯ ನೋವನ್ನು ಮುಚ್ಚಿಟ್ಟು ಬಂದವನೆಂದು ಒಪ್ಪಂದವೇ ರದ್ದು. ಒಪ್ಪಂದ ಹೋದರೆ ವೀಸಾ ಇಲ್ಲ, ಆಟವೂ ಇಲ್ಲ. ಹತ್ತಿರದಿಂದ ಕಂಡ ಲೈನ್ಸ್‌ಮನ್ ಬಂದು ಹೇಳಬೇಕೆಂದು ಲೀಗಿನವರು ಕರೆದರು.

ನಮ್ಮ ಗೆಳೆಯರಲ್ಲಿ ಮಂಡ್ಯದ ಕಡೆಯ ಮೂಳೆ ಡಾಕ್ಟರೊಬ್ಬರಿದ್ದರು. ಮನೆಗೆ ಊಟಕ್ಕೆ ಬಂದಾಗ ಅವರನ್ನು ಕೇಳಿದೆ.

"ಅಲ್ಲಾ ಕಣಯ್ಯ, ಆ ನರ ಕಿತ್ತೋದಾಗ ಎಲ್ಲಾರ್ಗೂ ಹಂಗೇ ಆಯ್ತದೆ," ಎಂದರು. "ಯಾರೋ ಹಿಂದ್ಗಡೆಯಿಂದ ಝಾಡಿಸಿ ಒದ್ದಂಗೆ. ತಿರುಗಿ ನೋಡ್ತಾರೆ, ಯಾರೂ ಇರಲ್ಲ."

"ಹಾಗಾದ್ರೆ ಅವನು ಸುಳ್ಳು ಹೇಳ್ತಿಲ್ಲ."

"ಅವ್ನೂ ಹೇಳ್ತಿಲ್ಲ, ನೀನೂ ಹೇಳ್ತಿಲ್ಲ. ಅದೇ ತಾಪತ್ರಯ." ಮೊಸರನ್ನಕ್ಕೆ ಉಪ್ಪಿನಕಾಯಿ ಕಲಸಿಕೊಳ್ಳುತ್ತ ಮತ್ತೆ ಹೇಳಿದರು: "ಸರಿಯಾಗಿ ಕಾಣ್ನಿಲ್ಲ ಅಂದ್ಬುಡು. ಸತ್ಯ ಹೇಳಿದ್ರೆ ನಿಂಗೇನ್ ಹರಿಶ್ಚಂದ್ರ ಘಾಟಲ್ಲಿ ಕೆಲ್ಸ ಕೊಡ್ತಾರಾ?"

ನನ್ನ ಹೆಂಡತಿ ನಗಲಿಲ್ಲ. "ಮತ್ತೆ ಆ ಡಿಫೆಂಡರ್ ಗತಿ ಏನ್ರೀ? ಮಾಡದ ತಪ್ಪಿಗೆ ಅವನನ್ನ ಆಡಿಸ್ದೇ ಬಿಡ್ತಾರೆ," ಎಂದಳು.

ವಿಚಾರಣೆಗೆ ಮೊದಲು ಜಪಾನಿನವನು ನಮ್ಮ ಅಪಾರ್ಟ್‌ಮೆಂಟಿಗೆ ಬಂದ. ಊರುಗೋಲು ಊರಿಕೊಂಡು ಮಹಡಿ ಹತ್ತಿದ್ದ. ಕೂರು ಎಂದರೂ ಕೂರಲಿಲ್ಲ.

"ನೀನು ಹತ್ತಿರ ಇದ್ದೆ. ಅವನು ಒದ್ದದ್ದು ನೋಡಿದೆ."

"ಒದೆಯಲಿಲ್ಲ. ಅವನು ಇನ್ನೂ ನಿನ್ನ ಹತ್ತಿರ ಬಂದಿರಲಿಲ್ಲ."

"ನನ್ನ ಕಾಲು. ನನಗೆ ಗೊತ್ತಿಲ್ಲವಾ?"

ಡಾಕ್ಟರು ಹೇಳಿದ್ದನ್ನು ಹೇಳಿದೆ. ಕೊನೆಯವರೆಗೂ ಕೇಳಿದ. ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ, ಆಗಲಿಲ್ಲ.

"ನಿನ್ನ ಚಿಕ್ಕಪ್ಪನಿಗೆ ಮೇಜಿತ್ತು," ಎಂದ. "ನನಗೆ ಮೇಜಿಲ್ಲ."

ಹೆಂಡತಿ ಕಾಫಿ ತರುವಷ್ಟರಲ್ಲಿ ಹೊರಟುಹೋದ. ಅವನು ಮೆಟ್ಟಿಲಿಳಿಯುವುದು ಬಹಳ ಹೊತ್ತು ಕೇಳಿಸುತ್ತಿತ್ತು.

ವಿಚಾರಣೆ ನಡೆದದ್ದು ಲಾಸ್ ಆಲ್ಟೋಸ್‌ನ ಒಂದು ಪ್ರಾಥಮಿಕ ಶಾಲೆಯ ಕೋಣೆಯಲ್ಲಿ. ಎಲ್ಲರಿಗೂ ಮಕ್ಕಳ ಕುರ್ಚಿಗಳೇ. ಪ್ಲಾಸ್ಟರ್ ಹಾಕಿದ ಕಾಲನ್ನು ಅವನು ಎದುರಿನ ಇನ್ನೊಂದು ಪುಟ್ಟ ಕುರ್ಚಿಯ ಮೇಲೆ ಚಾಚಿದ್ದ. ಸದ್ದಾದಾಗ ಡಿಫೆಂಡರ್ ಎಷ್ಟು ದೂರವಿದ್ದ ಎಂದು ಲೀಗಿನವರು ಕೇಳಿದರು. ಒಂದು ಮಾರು ಎನ್ನುವುದಕ್ಕೆ ಇಂಗ್ಲಿಷ್ ಮಾತು ಆ ಗಳಿಗೆ ತೋಚಲಿಲ್ಲ. ಎದ್ದುನಿಂತು ಎರಡೂ ಕೈ ಅಗಲಕ್ಕೆ ಚಾಚಿ ತೋರಿಸಿದೆ. ಅವನು ನನ್ನ ಒಂದು ಕೈಯ ತುದಿಯಿಂದ ಇನ್ನೊಂದರ ತುದಿಯವರೆಗೆ ನಿಧಾನವಾಗಿ ನೋಡಿದ.

"ಹಾಗಾದರೆ ನನ್ನನ್ನು ಒದ್ದವರು ಯಾರು?" ಎಂದ.

ಅದು ವಾದದ ದನಿಯಲ್ಲ. ನಿಜಕ್ಕೂ ತಿಳಿಯಬೇಕೆಂದು ಕೇಳಿದಂತಿತ್ತು. ನನ್ನ ಕೈಗಳು ಚಾಚಿದಂತೆಯೇ ಇದ್ದವೆಂದು ಪಕ್ಕದವರು ತೋಳು ಮುಟ್ಟಿದಾಗ ಗೊತ್ತಾಯಿತು.

ದೂರು ಬಿದ್ದುಹೋಯಿತು. ಅದರ ಹಿಂದೆಯೇ ಕ್ಲಬ್ಬು ಒಪ್ಪಂದ ಮುರಿಯಿತು. ಆಪರೇಷನ್ನನ್ನು ಮಂಡ್ಯದ ಡಾಕ್ಟರೇ ಫೀಸಿಲ್ಲದೆ ಮಾಡಿದರು. ಓಡಬಹುದು, ಮೊದಲಿನ ಹಾಗಲ್ಲ ಎಂದರು. ಅವನು ಊರಿಗೆ ಹೊರಟ ದಿನ ವಿಮಾನ ನಿಲ್ದಾಣಕ್ಕೆ ನಾನೇ ಕರೆದುಕೊಂಡು ಹೋದೆ. ಇಳಿಯುವಾಗ ನನ್ನ ಕೈ ಕುಲುಕಿದ. ಅದರಲ್ಲಿ ಕ್ಷಮೆ ಇತ್ತೋ, ಬರೀ ವಾಡಿಕೆಯೋ, ನನಗೆ ತಿಳಿಯದು. ಕಂಡದ್ದನ್ನಷ್ಟೇ ಬರೆಯಬೇಕೆಂದು ಕೂತಿದ್ದೇನೆ. ಇದನ್ನು ನಾನು ಕಂಡಿಲ್ಲ.

ಮತ್ತೆ ಅವನು ಸಂಬಳಕ್ಕೆ ಆಡಲಿಲ್ಲ. ಹಳೆಯ ಕಾರ್ಖಾನೆ ಅವನನ್ನು ವಾಪಸು ತೆಗೆದುಕೊಳ್ಳಲಿಲ್ಲವಂತೆ. ಅವನ ದೇಶದಲ್ಲಿ ಪೂರ್ಣ ವೃತ್ತಿಪರ ಲೀಗು ಶುರುವಾದಾಗ ಅವನ ವಯಸ್ಸು ದಾಟಿಹೋಗಿತ್ತು. ಈಗ ಯಾವುದೋ ಸಣ್ಣ ಊರಿನಲ್ಲಿದ್ದಾನೆಂದು ಹಳೆಯ ತಂಡದವರು ಹೇಳುತ್ತಾರೆ.

ರೆಫರಿ ತೀರಿಕೊಂಡರು. ಡಾಕ್ಟರೂ ಇಲ್ಲ, ಅವರು ಆ ದಿನ ಮೈದಾನಕ್ಕೆ ಬಂದೇ ಇರಲಿಲ್ಲ. ಕಾಣುವಷ್ಟು ಹತ್ತಿರದಲ್ಲಿದ್ದು, ಇಂದಿಗೂ ಬದುಕಿರುವವರು ಮೂವರು. ಒಬ್ಬ ನಾನು. ಇನ್ನೊಬ್ಬಳು ಗೆರೆಯ ಆಚೆ ಮಡಿಸುವ ಕುರ್ಚಿಯಲ್ಲಿ ಕೂತಿದ್ದ ನನ್ನ ಹೆಂಡತಿ. ಸದ್ದು ಕೇಳಿದ ಮೇಲಷ್ಟೇ ತಲೆ ಎತ್ತಿದೆ ಎನ್ನುತ್ತಾಳೆ. ಮೂರನೆಯವನು ಮಾರ್ಗನ್ ಹಿಲ್‌ನಲ್ಲೇ ಇರುವ ಆ ಡಿಫೆಂಡರ್. ಹೋದ ವರ್ಷ ಸಿಕ್ಕಿದ್ದ. ತನ್ನ ಕಣ್ಣು ಚೆಂಡಿನ ಮೇಲಿತ್ತು, ಕಾಲು ತಾಗಿತೋ ಇಲ್ಲವೋ ತನಗೆ ಅಂದೂ ಖಾತ್ರಿ ಇರಲಿಲ್ಲ, ಇಂದೂ ಇಲ್ಲ ಎಂದ.

ಜಪಾನಿನವನೂ ಬದುಕಿದ್ದಾನೆ. ಆದರೆ ಅವನು ನೋಡಿಲ್ಲ. ಅವನ ಬೆನ್ನು ಆ ಕಡೆಗಿತ್ತು.