ಕಾಳಕ್ಕನ ದೊಡ್ಡಿ ಚೀಟಿ

ಯಲ್ಲದಕೆರೆಯ ಕಾಳಕ್ಕನಿಗೆ ಎಪ್ಪತ್ತೆರಡು ವರ್ಷ. ಇಂದಿಗೂ ಕುರಿಗಳ ಹಿಂದೆ ಗುಡ್ಡ ಹತ್ತುತ್ತಾಳೆ, ಯಾರ ಮಾತಿಗೂ ಸೊಪ್ಪು ಹಾಕುವವಳಲ್ಲ. ಅಂಥವಳೂ ಒಂದು ಕಾಗದಕ್ಕೆ ಹೆದರುತ್ತಿದ್ದಳೆಂದು ನನಗೆ ಗೊತ್ತಾದದ್ದು ಹೋದ ವರ್ಷ, ಊರಿನ ಅರಣ್ಯ ಹಕ್ಕು ಸಮಿತಿಯಲ್ಲಿ ನಾನು ಅರ್ಜಿ ಬರೆಯಲು ಕೂತಾಗ.

ಗುಡ್ಡದಲ್ಲಿ ಕುರಿ ಮೇಯಿಸುವ ಹಕ್ಕು ಸಿಗಬೇಕಾದರೆ ಮೂರು ತಲೆಮಾರಿನಿಂದ ಅಲ್ಲೇ ಮೇಯಿಸಿದ್ದಕ್ಕೆ ಪುರಾವೆ ಬೇಕು. ಬ್ರಿಟಿಷರ ಕಾನೂನು ನೋಡಿಕೊಂಡು ಮೈಸೂರು ಸಂಸ್ಥಾನದವರು ಗುಡ್ಡ ಸರ್ಕಾರದ ಕಾಡೆಂದು ಗಡಿಕಲ್ಲು ನೆಟ್ಟರು, ಒಳಗೆ ಕುರಿ ಬಿಡುವುದು ಅಪರಾಧವಾಯಿತು. ಆಮೇಲೆ ಸ್ವಾತಂತ್ರ್ಯ ಬಂತು, ಕರ್ನಾಟಕ ಒಂದಾಯಿತು, ಕಲ್ಲು ಮಾತ್ರ ಅಲ್ಲೇ ಇದೆ. ಕಲ್ಲು ನೆಟ್ಟವರ ಹತ್ತಿರ ಕಾಗದವಿದೆ, ಕುರಿ ಮೇಯಿಸಿದವರ ಹತ್ತಿರ ಎಲ್ಲಿಂದ ಬರಬೇಕು? ನೆನೆದರೆ ನನಗೆ ಮೈ ಉರಿಯುತ್ತದೆ.

ಅರ್ಜಿಯ ಗಡುವಿಗೆ ಎರಡೇ ದಿನ ಉಳಿದಿತ್ತು. ಸಭೆಗೆ ಬಂದ ಕಾಳಕ್ಕ ಸೆರಗಿನಲ್ಲಿ ಏನನ್ನೋ ಬಿಗಿಯಾಗಿ ಹಿಡಿದು ನನ್ನ ಪಕ್ಕದಲ್ಲೇ ಕೂತಳು.

"ಅದೇನು ಕಾಳಕ್ಕ?" ಎಂದೆ.

"ನಮ್ಮಾವ ಸಾಯಾಗ ಕೊಟ್ಟಿದ್ದು ಮೇಷ್ಟ್ರೇ," ಎಂದು ಪಿಸುಗುಟ್ಟಿದಳು. "ಗುಡ್ಡದಾಗೆ ಮೇಯ್ತಿದ್ದ ಅವರಪ್ಪನ ಕುರೀನ ಸರ್ಕಾರದೋರು ಹಿಡ್ದು ಬಂದಿದೊಡ್ಡಿಗೆ ಕೂಡಿದ ಚೀಟಿ. ಕಳ್ಳ ಅಂತ ಬರದವ್ರಂತೆ. ಹಿರೀಕರ ಹೆಸರೈತೆ, ಸುಡಂಗಿಲ್ಲ. ಯಾರಿಗೂ ತೋರಿಸಂಗೂ ಇಲ್ಲ. ದೇವರ ಪೆಟ್ಟಿಗೆ ತಳದಾಗೆ ಇಟ್ಟಿದ್ವಿ."

ಚೀಟಿ ಬಿಡಿಸಿದೆ. 1926ನೇ ಇಸವಿ. ಗುಡ್ಡದ ಹೆಸರು, ಅವಳ ಮಾವನ ಅಪ್ಪ ಬೀರಪ್ಪನ ಹೆಸರು, ಹನ್ನೆರಡು ಕುರಿ, ಸರ್ಕಾರದ ಮೊಹರು. ನನಗೆ ನಗು ತಡೆಯಲಾಗಲಿಲ್ಲ.

"ಬೀರಪ್ಪಜ್ಜ ಅಲ್ಲಿ ಕುರಿ ಮೇಯಿಸ್ತಿದ್ದ ಅಂತ ಸರ್ಕಾರದೋರೇ ಬರ್ಕೊಟ್ಟವ್ರೆ. ಇನ್ನೆಂಥ ಪುರಾವೆ ಬೇಕು?" ಎಂದೆ.

ಕಾಳಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಹಂಗಾರೆ ಎಲ್ಲರಿಗೂ ಕೇಳಂಗೆ ಓದ್ರಿ. ಕಳ್ಳ ಅನ್ನಾದ್ನೂ ಬಿಡಬ್ಯಾಡ್ರಿ."

ಓದಿದೆ. ಹಿಂದುಗಡೆಯಿಂದ ಸಣ್ಣತಿಮ್ಮಪ್ಪ ಎದ್ದ. ಬೇರೆ ಹಟ್ಟಿಯವನು, ಹುಲ್ಲಿನ ವಿಷಯಕ್ಕೆ ಕಾಳಕ್ಕನ ಮನೆಯವರೊಡನೆ ಮೂವತ್ತು ವರ್ಷದಿಂದ ಮಾತು ಬಿಟ್ಟವನು. ಸೀದಾ ಹೊರಟುಹೋದ. ಈ ನೆಪದಲ್ಲಿ ಹಳೇ ಜಗಳ ಕೆದಕುತ್ತಾನೆ ಎಂದುಕೊಂಡು ನನಗೆ ಪಿಚ್ಚೆನಿಸಿತು.

ಅರ್ಧ ಗಂಟೆಯಲ್ಲಿ ತಿರುಗಿ ಬಂದ. ಅವನ ಕೈಯಲ್ಲೂ ಅಂಥದೇ ಒಂದು ಚೀಟಿ.

"ನಮ್ಮ ಮನೇಲಿ ಮಾತ್ರ ಐತೆ ಅನ್ಕಂಡಿದ್ದೆ ಕಣಕ್ಕ," ಎಂದ, ತಲೆ ತಗ್ಗಿಸಿ.

ಪುಟ್ಟಕ್ಕ ಎದ್ದು ಮನೆಗೆ ಹೋದಳು. ಆಮೇಲೆ ನಿಂಗಪ್ಪ. ಸಂಜೆಯ ಹೊತ್ತಿಗೆ ನನ್ನ ಮುಂದೆ ಹನ್ನೊಂದು ಮನೆಯ ಚೀಟಿಗಳಿದ್ದವು. ಕಾಳಕ್ಕ ಅವನ್ನೆಲ್ಲ ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿದಳು.

"ಊರಿಗೂರೇ ಕಳ್ಳರು ಅಂದ್ರೆ, ಕದ್ದಿದ್ದು ಯಾರದ್ದು ಮೇಷ್ಟ್ರೇ?" ಎಂದು ಕೇಳಿ, ಅರ್ಜಿಗೆ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದಳು.